ಪೆಟ್ಟಿಗೆಯ ಮೇಲಿನ ಹುಡುಗನ ಕಿವಿ

ಇದು ಶುರುವಾದದ್ದು ಬೇಸಿಗೆ ಕಾಲಿಡುವ ಹೊತ್ತಿಗೆ, ಬೆಳಗಿನ ಪಾತ್ರೆ ತೊಳೆದು ಮಗುಚಿಟ್ಟು ಟೈಲರಕ್ಕ ಕತ್ತರಿ ಕೈಗೆತ್ತಿಕೊಳ್ಳುವ ವೇಳೆಯಲ್ಲಿ. ಆ ವೇಳೆಗೆ ಸರಿಯಾಗಿ ಮುಂದಿನ ಕೋಣೆಯ ಕಿಟಕಿಯಿಂದ ಬಿಸಿಲು ಒಳಗೆ ಬಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಉದ್ದಕ್ಕೆ ಮಲಗುತ್ತಿತ್ತು. ಆ ಬಿಸಿಲನ್ನು ನಂಬಿಕೊಂಡೇ ಅವಳು ಕಣ್ಣು ಉಳಿಸಿಕೊಂಡಿದ್ದಳು, ಹೊಟ್ಟೆಯನ್ನೂ ನೋಡಿಕೊಂಡಿದ್ದಳು. ಅವತ್ತು ನೋಡಿದರೆ ಬಿಸಿಲಿನಲ್ಲಿ ಬಟ್ಟೆಯ ಬದಲು ಒಂದು ಹಳೇ ಕಂಪ್ಯೂಟರಿನ ಕೀಬೋರ್ಡು ಮಲಗಿತ್ತು. ಮೈಗೆಲ್ಲ ಬಿಳಿ ಮುಲಾಮು ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಾಣಂತಿ ಕೂಸಿನ ಹಾಗೆ ಇಟ್ಟಿದ್ದರು.

"ಏನು ರೋಗವಪ್ಪಾ ಇದಕ್ಕೆ?" ಅಂದಳು.

"ರೋಗ ಅಲ್ಲಕ್ಕ," ಅಂದ ತಮ್ಮ. "ಹಳೇ ಪ್ಲಾಸ್ಟಿಕ್ ಹಳದಿ ತಿರುಗಿರುತ್ತೆ. ಕೂದಲಿನ ಬಣ್ಣ ತೆಗೆಯೋ ಕ್ರೀಮು ಹಚ್ಚಿ ಬಿಸಿಲಿಗೆ ಇಟ್ರೆ ಬೆಳ್ಳಗಾಗುತ್ತೆ."

"ಅದಕ್ಕೆ ನನ್ನ ಮೇಜೇ ಬೇಕಿತ್ತಾ?"

"ಬಿಸಿಲು ಇಲ್ಲೇ ತಾನೇ ಬೀಳೋದು! ಮಳೆ ಶುರುವಾಗೋವರೆಗೆ ಅಷ್ಟೇ. ಆಮೇಲೆ ಬೇರೆ ಜಾಗ ಹಿಡೀತೀನಿ."

ಒಡಹುಟ್ಟಿದವನು, ಹೆಂಡತಿ ಮಕ್ಕಳಿಲ್ಲದವನು. ಹಿಡಿದ ಕೆಲಸವನ್ನೆಲ್ಲ ಬಿಟ್ಟವನು, ಬಿಟ್ಟ ಕೆಲಸದವರನ್ನೆಲ್ಲ ಬೈದವನು. ಅಕ್ಕ ಒಬ್ಬಳೇ ಇದ್ದ ಮನೆಗೆ ಬಂದು ಸೇರಿಕೊಂಡವನು. ಆಯಿತು ಅಂದಳು. ಆಯಿತು ಅನ್ನುವ ಆ ಮಾತಿನಿಂದ ಅವಳಿಗೆ ಅದುವರೆಗೆ ಯಾವತ್ತೂ ಒಳ್ಳೆಯದಾಗಿರಲಿಲ್ಲ.

ತಮ್ಮ ತೆರೆದದ್ದು ಅಂಗಡಿ. ಅಂಗಡಿ ಅಂದರೆ ಬಾಗಿಲಿಲ್ಲ, ಬೋರ್ಡಿಲ್ಲ, ಗಲ್ಲಾ ಪೆಟ್ಟಿಗೆ ಇಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಪುಟ. ಜನ ಎಸೆದ ಹಳೇ ಕಂಪ್ಯೂಟರು, ದಪ್ಪ ಹೊಟ್ಟೆಯ ಮಾನಿಟರು, ಚಪ್ಪಟೆ ಫ್ಲಾಪಿ, ವೈರು, ಬಟನ್ನು, ಹೀಗೆ ಗುಜರಿಯವನು ತೂಕ ಹಾಕಿ ಒಯ್ಯುವ ಸಾಮಾನನ್ನು ತಂದು, ಒರೆಸಿ, ಫೋಟೋ ಹಿಡಿದು, ಆ ಪುಟದಲ್ಲಿ ಏರಿಸುವುದು. ಅದನ್ನು ಕೊಳ್ಳುವುದಕ್ಕೂ ಜನ ಇದ್ದರು. ಟೈಲರಕ್ಕನಿಗೆ ಮೊದಲು ನಗು ಬಂತು, ಆಮೇಲೆ ಅಸಹ್ಯ ಬಂತು. ಆ ಅಸಹ್ಯ ಮತ್ತೆ ಹೋಗಲಿಲ್ಲ.

ಎಂಥ ಜನ ಅಂತೀರಿ! ತಲೆ ಬೋಳಾದ, ಹೊಟ್ಟೆ ಬಂದ, ಮನೆಯಲ್ಲಿ ಬೆಳೆದ ಮಕ್ಕಳಿರುವ ಗಂಡಸರು. ಬಟನ್ನು ಒತ್ತಿದರೆ ಟಕ್ ಅನ್ನುತ್ತದೋ ಟುಕ್ ಅನ್ನುತ್ತದೋ ಅಂತ ಕೇಳಿ ಕಾಗದ ಬರೆಯುವವರು. ಇಡೀ ಯಂತ್ರದೊಳಗೆ ಫೋನಿನ ಒಂದು ಫೋಟೋ ಹಿಡಿಸುವಷ್ಟು ಜಾಗವಿಲ್ಲ, ಅದನ್ನು ತಬ್ಬಿಕೊಂಡು ಫೋಟೋ ತೆಗೆಸಿ ಕಳಿಸುವವರು. ಒಬ್ಬನಂತೂ ಫ್ಲಾಪಿ ಓಡುವಾಗ ಬರುವ ಗರಗರ ಸದ್ದನ್ನು ರೆಕಾರ್ಡು ಮಾಡಿ ಕಳಿಸಿ, ಕೇಳಿಯೇ ಕೊಳ್ಳುತ್ತೇನೆ ಅಂದ. ಅದಕ್ಕೆ ತಮ್ಮ, "ಅಕ್ಕಾ, ಸ್ವಲ್ಪ ನಿನ್ನ ಮಿಷನ್ ನಿಲ್ಸು, ಗಲಾಟೆ ಆಗುತ್ತೆ," ಅಂದ.

ಅವಳು ಪೆಡಲಿನಿಂದ ಕಾಲು ತೆಗೆದಳು. "ನನ್ನ ಮಿಷನ್ನಿನ ಸದ್ದಿಂದ ಮನೇಲಿ ಒಲೆ ಉರಿಯುತ್ತೆ. ಅವನ ಸದ್ದಿಂದ ಏನು ಬರುತ್ತಂತೆ?"

"ಬಾಲ್ಯ ಬರುತ್ತಂತೆ."

"ಬರಲಿ. ಬಂದ ಮೇಲೆ ಅದರ ಮೂಗು ಒರೆಸೋಕೆ ಹೇಳು."

ಆ ಅಂಗಡಿಯಲ್ಲಿ ಒಂದು ಮಾತಿತ್ತು. ಅರ್ಧಕ್ಕರ್ಧ ಸಾಮಾನಿನ ಕೆಳಗೆ ತಮ್ಮ ಅದನ್ನೇ ಬರೆಯುತ್ತಿದ್ದ. ಪರೀಕ್ಷಿಸಿಲ್ಲ. ಹಿಂದಿನ ದಿನವೇ ವೈರು ಚುಚ್ಚಿ, ಬೈದು, ಗುದ್ದಿ, ಹೊಗೆ ನೋಡಿದ ಮಾನಿಟರಿನ ಕೆಳಗೂ ಅದೇ ಬರೆದದ್ದನ್ನು ಅವಳು ಕಂಡಳು. ಅವಳ ಓದು ಅಷ್ಟಕ್ಕಷ್ಟೇ. ಆದರೂ ಆ ಅಕ್ಷರ ಗುರುತು ಹತ್ತಿತು.

"ನಿನ್ನೆ ನೀನೇ ನೋಡಿದೆಯಲ್ಲೋ. ಹೊಗೆ ಬಂತಲ್ಲ."

"ಅಕ್ಕಾ, ಈ ದಂಧೆಯಲ್ಲಿ ಪರೀಕ್ಷಿಸಿಲ್ಲ ಅಂದ್ರೆ ಪರೀಕ್ಷಿಸಿದೀವಿ, ಕೆಟ್ಟಿದೆ ಅಂತ ಅರ್ಥ. ಮಾರೋನಿಗೂ ಗೊತ್ತು, ಕೊಳ್ಳೋನಿಗೂ ಗೊತ್ತು. ಮರ್ಯಾದೆಯ ಮಾತು."

"ಸುಳ್ಳಿಗೆ ಇಸ್ತ್ರಿ ಹೊಡೆದಿದೀರಿ ಅನ್ನು," ಅಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಮಳೆ ಬಂತು. ಬೇರೆ ಜಾಗ ಬರಲಿಲ್ಲ. ಬಂದದ್ದು ಕಬ್ಬಿಣದ ಶೆಲ್ಫು, ಒಂದರ ಪಕ್ಕ ಒಂದು. ಮೇಜಿನ ಮೇಲೆ ಬಿಚ್ಚಿದ ಯಂತ್ರಗಳು ಕರುಳು ಹೊರಗೆ ಹಾಕಿಕೊಂಡು ಬಿದ್ದಿದ್ದವು. ಹೊಲಿಗೆ ಮಿಷನ್ನು ಬಚ್ಚಲಿನ ಪಕ್ಕದ ಓಣಿಯಂಥ ಜಾಗಕ್ಕೆ ಹೋಯಿತು. ಅಳತೆ ಕೊಡಲು ಬಂದ ಹೆಂಗಸರು ಅಲ್ಲಿ ಕೈ ಚಾಚಿದರೆ ಗೋಡೆಗೆ ತಗಲುತ್ತಿತ್ತು. ಒಬ್ಬಾಕೆ ಶೆಲ್ಫಿನ ಕಡೆ ನೋಡಿ, "ಇದೇನಕ್ಕ, ಗುಜರಿ ಇಟ್ಟಿರಾ?" ಅಂದಾಗ ಟೈಲರಕ್ಕನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಅಷ್ಟರಲ್ಲಿ ಒಂದು ಆಸ್ಪತ್ರೆಯ ನರ್ಸುಗಳಿಗೆಲ್ಲ ಬಿಳಿ ಕೋಟು ಹೊಲಿಯುವ ಕೆಲಸ ಅವಳನ್ನು ಹುಡುಕಿಕೊಂಡು ಬಂತು. ಅಂಥ ಕೆಲಸ ಅವಳ ಜೀವಮಾನದಲ್ಲಿ ಬಂದಿರಲಿಲ್ಲ. ಚೆನ್ನಾಗಿ ಮಾಡಿಕೊಟ್ಟರೆ ವರ್ಷಾ ವರ್ಷ ಅವಳದೇ. ಆದರೆ ಅಷ್ಟು ಬಟ್ಟೆಯನ್ನು ಪದರ ಪದರ ಹಾಸಿ ಒಟ್ಟಿಗೆ ಕತ್ತರಿಸಲು ಉದ್ದನೆಯ ಮೇಜು ಬೇಕು, ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಕಾಣಲು ಬೆಳಕು ಬೇಕು. ಎರಡೂ ಅವಳ ಮನೆಯಲ್ಲೇ ಇದ್ದವು, ಅವಳಿಗೆ ಮಾತ್ರ ಇರಲಿಲ್ಲ. ಆಸ್ಪತ್ರೆಯ ಮೇಲ್ವಿಚಾರಕಿ ಬಟ್ಟೆಯ ಥಾನುಗಳನ್ನು ಇಳಿಸಿ, "ಚಳಿಗಾಲ ಮುಗಿಯೋದ್ರೊಳಗೆ ಕೊಡಿ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀವಿ. ಬೇಜಾರು ಮಾಡ್ಕೋಬೇಡಿ," ಅಂದು ಹೋದಳು. ಥಾನುಗಳು ಮಂಚದ ಕೆಳಗೆ ಕೂತವು.

"ಮೇಜು ಬಿಡು," ಅಂದಳು ತಮ್ಮನಿಗೆ.

"ಬಿಡ್ತೀನಿ ಅಕ್ಕಾ. ಒಂದೇ ಒಂದು ದೊಡ್ಡ ವ್ಯಾಪಾರ ಆಗ್ಲಿ, ಬೀದಿ ಮೇಲೆ ಮಳಿಗೆ ಹಿಡೀತೀನಿ."

ಆ ದೊಡ್ಡ ವ್ಯಾಪಾರ ಒಂದು ರಟ್ಟಿನ ಪೆಟ್ಟಿಗೆಯ ರೂಪದಲ್ಲಿ ಬಂತು. ಯಾವುದೋ ಮುಚ್ಚಿಹೋದ ಅಂಗಡಿಯ ಅಟ್ಟದ ಮೇಲೆ ಸಿಕ್ಕಿದ್ದು. ಒಳಗೆ ಹಳೇ ಕಾಲದ ಕಂಪ್ಯೂಟರು, ಕಂಪನಿಯವರು ಅಂಟಿಸಿದ ಟೇಪು ಹಾಗೇ ಇತ್ತು. ಒಬ್ಬರೂ ತೆರೆದಿಲ್ಲ. ಪೆಟ್ಟಿಗೆಯ ಮೇಲೆ ಒಂದು ಚಿತ್ರ: ಅಪ್ಪ, ಅಮ್ಮ, ಮಗಳು, ಮಗ, ನಾಲ್ಕೂ ಜನ ಕಂಪ್ಯೂಟರಿನ ಮುಂದೆ ಹಲ್ಲು ಬಿಟ್ಟುಕೊಂಡು ಕೂತಿದ್ದಾರೆ, ಬೇರೆ ಕೆಲಸವೇ ಇಲ್ಲದವರ ಹಾಗೆ. ಅಂಟಿಸಿದವನು ಯಾರೋ ಅವಸರದವನು. ಟೇಪು ಸೊಟ್ಟಗೆ ಹೋಗಿ ಅದರ ತುದಿ ಹುಡುಗನ ಕಿವಿಯ ಮೇಲೆ ಹತ್ತಿ ಕೂತಿತ್ತು. ಟೈಲರಕ್ಕನಿಗೆ ಅದನ್ನು ನೋಡಿದಾಗಲೆಲ್ಲ ಬೆರಳು ತುರಿಸುತ್ತಿತ್ತು.

ತಮ್ಮ ಪೆಟ್ಟಿಗೆಯ ಫೋಟೋಗಳನ್ನು ಎಲ್ಲಾ ಕಡೆಯಿಂದ ಹಿಡಿದು ಏರಿಸಿದ. ಕೊಳ್ಳುತ್ತೇನೆ ಅಂತ ಒಬ್ಬ ನಿವೃತ್ತ ಸಾಹೇಬ ಬಂದ. ಇಂಥ ಪೆಟ್ಟಿಗೆಗಳನ್ನು ಕೂಡಿಹಾಕುವುದೇ ಅವನ ಬಾಳು. ಮನೆಯೊಳಗೆ ಬಂದವನೇ ಜೇಬಿನಿಂದ ಬಿಳಿ ಗ್ಲೌಸು ತೆಗೆದು ಕೈಗೆ ಹಾಕಿಕೊಂಡ, ಹೆರಿಗೆ ಮಾಡಿಸಲು ಬಂದ ಡಾಕ್ಟರನ ಹಾಗೆ. ಪೆಟ್ಟಿಗೆಯ ಮೂಲೆಗೆ ಮೂಗಿಟ್ಟು ಕಣ್ಣು ಮುಚ್ಚಿ ಮೂಸಿದ. ಟೈಲರಕ್ಕ ಅಲ್ಲೇ ನಿಂತು ಅವನಿಗೆ ಗ್ಲೌಸಪ್ಪ ಅಂತ ಹೆಸರಿಟ್ಟಳು.

"ಚಹಾ ತರಲಾ?" ಅಂದಳು.

"ಇದರ ಹತ್ತಿರ ಚಹಾನಾ! ಆವಿ ತಗಲುತ್ತೆ ಅಮ್ಮಾ," ಅಂದ ಅವನು ಹೌಹಾರಿ. ಆಮೇಲೆ ತಮ್ಮನ ಕಡೆ ತಿರುಗಿದ. "ನೋಡಪ್ಪಾ, ಒಳಗೆ ಯಂತ್ರ ಇದೆ ತಾನೇ? ಈಗೀಗ ಇಟ್ಟಿಗೆ ತುಂಬಿ ಮಾರೋರೂ ಇದಾರೆ. ಹಾಗೇನಾದ್ರೂ ಆದ್ರೆ ನಮ್ಮ ಗುಂಪಿನಲ್ಲಿ ನಿನ್ನ ಹೆಸರು ಉಳಿಯಲ್ಲ. ವಾರ ಬಿಟ್ಟು ಬಂದು ಒಯ್ತೀನಿ."

ಅವನು ಹೋದ ಮೇಲೆ ತಮ್ಮನ ತಲೆಯೊಳಗೆ ಇಟ್ಟಿಗೆ ಹೊಕ್ಕಿತು. ಉಣ್ಣುವಾಗ ಇಟ್ಟಿಗೆ, ಮಲಗುವಾಗ ಇಟ್ಟಿಗೆ. ಪೆಟ್ಟಿಗೆ ಎತ್ತುತ್ತಾನೆ, ಅಲ್ಲಾಡಿಸುತ್ತಾನೆ, ಕಿವಿ ಕೊಡುತ್ತಾನೆ, ಮತ್ತೆ ಇಡುತ್ತಾನೆ. ಕಡೆಗೊಂದು ಮಧ್ಯಾಹ್ನ ಅಕ್ಕನ ಮುಂದೆ ಬಂದು ನಿಂತ. "ಅಕ್ಕಾ, ನಿನ್ನ ಇಸ್ತ್ರಿ ಪೆಟ್ಟಿಗೆಯಿಂದ ಈ ಟೇಪು ಬಿಡಿಸೋಕಾಗುತ್ತಾ? ಹರೀಬಾರ್ದು. ಮತ್ತೆ ಅಂಟಿಸಬೇಕು."

"ತೆರೀಬಾರ್ದು ಅಂತಾನೇ ಅಲ್ವೇನೋ ಅದಕ್ಕೆ ಬೆಲೆ?"

"ತೆರೆದದ್ದು ಗೊತ್ತಾಗಬಾರ್ದು ಅಂತ ಬೆಲೆ. ಈ ವ್ಯಾಪಾರ ಆದ್ರೆ ನಿನ್ನ ಮೇಜು ನಿಂಗೆ."

ಮಂಚದ ಕೆಳಗಿನ ಥಾನು ನೆನಪಾಯಿತು. ಒದ್ದೆ ಬಟ್ಟೆ ಹಾಕಿ ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದಳು. ಅಂಟು ಮೆತ್ತಗಾದ ಕಡೆ ಹೊಲಿಗೆ ಬಿಚ್ಚುವ ಕೊಕ್ಕೆ ತೂರಿಸಿ ಎಳೆ ಎಳೆಯಾಗಿ ಬಿಡಿಸಿದಳು. ಕಾಗದದ ಒಂದು ಸಿಪ್ಪೆ ಏಳಲಿಲ್ಲ. ಹೊಸ ಸೀರೆಯ ಜರಿ ಬಿಚ್ಚಿದರೂ ಅಷ್ಟು ನಾಜೂಕು ಮಾಡುತ್ತಿರಲಿಲ್ಲ.

ಒಳಗೆ ಯಂತ್ರವಿತ್ತು. ಬೆಳ್ಳಗೆ, ಮುಟ್ಟಿದರೆ ಮಾಸುವ ಹಾಗೆ. ಅಷ್ಟಕ್ಕೆ ಮುಚ್ಚಬೇಕಿತ್ತಲ್ಲ? ಮುಚ್ಚಿದ್ದರೆ ಅವನು ತಮ್ಮ ಹೇಗಾದಾನು! "ಒಂದು ಸಲ ಹಚ್ಚಿ ನೋಡ್ತೀನಿ," ಅಂದ.

"ಬೇಡ ಕಣೋ."

"ಒಂದೇ ಸಲ."

ವೈರು ಚುಚ್ಚಿದ. ಪರದೆಯ ಮೇಲೆ ಹಸಿರು ಚುಕ್ಕೆಯೊಂದು ಕಣ್ಣು ಮಿಟುಕಿಸಿತು. ತಮ್ಮನ ಬಾಯಿ ಪೆಟ್ಟಿಗೆಯ ಮೇಲಿನ ಆ ಕುಟುಂಬದ ಬಾಯಿಯ ಹಾಗೇ ತೆರೆಯಿತು. ಒಳಗೆಲ್ಲೋ ಪಟ್ ಅಂತು. ಹಸಿರು ಹೋಯಿತು. ಕೊಳೆತ ಮೀನಿನ ನಾತ ಮನೆಯೆಲ್ಲ ತುಂಬಿತು. ಯಾರೂ ಮುಟ್ಟದೆ ಇದ್ದಷ್ಟು ಕಾಲ ಕತ್ತಲಲ್ಲಿ ನೆಟ್ಟಗಿದ್ದದ್ದು, ಇವನ ಬೆಳಕಿಗೆ ಬಂದ ಕ್ಷಣಕ್ಕೇ ಸತ್ತಿತು.

ತಮ್ಮ ನೆಲದ ಮೇಲೆ ಕೂತು ತಲೆ ಹಿಡಿದುಕೊಂಡ. ಟೈಲರಕ್ಕ ಕಿಟಕಿ ತೆರೆದಳು. ನಾತ ಹೋದ ಮೇಲೆ ಯಂತ್ರವನ್ನು ಒಳಗಿಟ್ಟು, ಮೇಲೆ ಮುಚ್ಚಳ ಸೇರಿಸಿ, ಟೇಪಿನ ಬೆನ್ನಿಗೆ ತೆಳುವಾಗಿ ಅಂಟು ಸವರಿ ಅಂಟಿಸಿದಳು. ಮುಚ್ಚಳದ ಸಂದಿಗೆ ಸರಿಯಾಗಿ ನಡುಮಧ್ಯೆ, ಈ ಕಡೆಗೂ ಆ ಕಡೆಗೂ ದಾರದ ಎಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಬೆರಳಿಂದ ತೀಡಿದಳು. ಅಂಚು ಕೈಗೆ ಸಿಕ್ಕಲಿಲ್ಲ. ಆ ಮನೆಯಲ್ಲಿ ಆ ತಿಂಗಳು ಒಂದಾದರೂ ಕೆಲಸ ಹಸನಾಗಿ ಆಯಿತು ಅಂತ ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

ಗ್ಲೌಸಪ್ಪ ಹೇಳಿದ ಹಾಗೆ ಬಂದ. ಬರುವ ಮೊದಲೇ ತಮ್ಮ ಅಕ್ಕನಿಗೆ, "ನೀನು ಏನೂ ಮಾತಾಡ್ಬೇಡ. ಕೇಳಿದ್ರೆ ನಂಗೇನೂ ಗೊತ್ತಿಲ್ಲ ಅನ್ನು," ಅಂತ ಪಾಠ ಹೇಳಿದ್ದ. ಅವಳು ಬಾಗಿಲ ಹತ್ತಿರ ಗೋಡೆಗೊರಗಿ ನಿಂತಳು. ಮನಸ್ಸಿನಲ್ಲೇ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದಳು, ಸೀಮೆಸುಣ್ಣದಿಂದ ಗೆರೆಯನ್ನೂ ಎಳೆದಾಗಿತ್ತು.

ಅವನು ಗ್ಲೌಸು ಹಾಕಿಕೊಂಡ. ಮೂಸಿದ. ಮತ್ತೆ ಮೂಸಿದ. ಜೇಬಿನಿಂದ ಭೂತಗನ್ನಡಿ ತೆಗೆದ. ಫೋನು ತೆಗೆದು ತಮ್ಮ ಏರಿಸಿದ್ದ ಫೋಟೋ ನೋಡಿದ, ಪೆಟ್ಟಿಗೆ ನೋಡಿದ, ಫೋಟೋ ನೋಡಿದ.

"ಹುಡುಗನಿಗೆ ಕಿವಿ ಬಂದಿದೆ," ಅಂದ.

"ಏನು ಸಾರ್?"

"ಕಿವಿ ಕಣಪ್ಪಾ! ಫೋಟೋದಲ್ಲಿ ಟೇಪು ಇವನ ಕಿವಿ ಮೇಲಿದೆ. ಇಲ್ಲಿ ಕಿವಿ ಕಾಣ್ತಿದೆ. ಹೋದ ವಾರ ಕಿವುಡ ಇದ್ದೋನು ಈ ವಾರ ಹೇಗೆ ಕೇಳಿಸ್ಕೊಳ್ತಿದಾನೆ?"

ತಮ್ಮನ ಮುಖದಲ್ಲಿ ರಕ್ತವಿಲ್ಲ. "ಸೆಖೆಗೆ ಸಾರ್... ಅಂಟು ಮೆತ್ತಗಾಗಿ ಜಾರಿರಬೇಕು."

"ಚಳಿಗಾಲದಲ್ಲಿ ಸೆಖೆ!" ಗ್ಲೌಸಪ್ಪ ಉಗುಳುವುದೊಂದು ಬಾಕಿ. "ತೆರೆದಿದೀಯ. ತೆರೆದು ಯಾವನೋ ಕೆಲಸ ಬಾರದ ಹೆಡ್ಡನ ಹತ್ರ ಅಂಟಿಸಿದೀಯ. ಇದ್ದ ಜಾಗದಲ್ಲಿ ಇದ್ದ ಹಾಗೆ ಅಂಟಿಸೋಕೂ ಬರದ ಒರಟು ಕೈ! ಥೂ, ಎಂಥ ಅಸಡ್ಡಾಳ ಕೆಲಸ."

ಟೈಲರಕ್ಕ ಮಿಕ್ಕಿದ್ದೆಲ್ಲ ನುಂಗಿದ್ದಳು. ಮೇಜು ಹೋದದ್ದು ನುಂಗಿದ್ದಳು, ಬಿಸಿಲು ಹೋದದ್ದು, ಬಚ್ಚಲ ಓಣಿ, ಮಿಷನ್ ನಿಲ್ಲಿಸು ಅಂದದ್ದು, ಎಲ್ಲ. ಇದು ಗಂಟಲಲ್ಲಿ ಇಳಿಯಲಿಲ್ಲ.

"ಯಾರ ಕೈ ಒರಟು?" ಅಂದಳು.

"ಅಕ್ಕಾ..." ಅಂದ ತಮ್ಮ.

"ನೀನು ಸುಮ್ನಿರು. ಸ್ವಾಮಿ, ಆ ಗ್ಲೌಸು ತೆಗೆದು ಬರಿಗೈಲಿ ಮುಟ್ಟಿ ನೋಡಿ. ಅಂಚು ಸಿಗುತ್ತಾ ಹೇಳಿ. ಮೊದಲು ಅಂಟಿಸಿದ್ದನಲ್ಲ ನಿಮ್ಮ ಕಂಪನಿಯವನು, ಅವನು ಒರಟು. ಒಂದು ಗೆರೆ ನೆಟ್ಟಗೆ ಹಾಕೋಕೆ ಬರ್ತಿರ್ಲಿಲ್ಲ ಅವನಿಗೆ. ಅದನ್ನ ನೆಟ್ಟಗೆ ಮಾಡಿದೋಳು ನಾನು!"

ತಮ್ಮ ಶೆಲ್ಫಿನ ಕಂಬ ಹಿಡಿದುಕೊಂಡು ಕಣ್ಣು ಮುಚ್ಚಿದ. ಮಾತು ಬಾಯಿಂದ ಹೊರಬಿದ್ದ ಮೇಲೆ ಟೈಲರಕ್ಕನಿಗೂ ತಿಳಿಯಿತು, ಹಾಸಿದ ಬಿಳಿ ಬಟ್ಟೆಯನ್ನು ತಾನೇ ಮಡಚಿಟ್ಟೆ ಅಂತ.

ಗ್ಲೌಸಪ್ಪ ಒಂದು ಕೈಯ ಗ್ಲೌಸು ಕಳಚಿದ. ಬೆರಳು ಟೇಪಿನ ಮೇಲೆ ಹೋಯಿತು, ಬಂತು. ಮತ್ತೆ ಹೋಯಿತು.

"ಒಳಗಿನದು ಸತ್ತಿದೆ ಸ್ವಾಮಿ," ಅಂದಳು ಅವಳು. ಹೇಗೂ ಹೇಳಿಯಾಗಿತ್ತು, ಅರ್ಧ ಯಾಕೆ ಉಳಿಸಬೇಕು. "ಇವನೇ ಹಚ್ಚಿ ಸಾಯಿಸಿದ."

"ಒಳಗಿನದರ ಮಾತು ಈಗ ಯಾಕಮ್ಮಾ?" ಅಂದ ಅವನು, ನಡುವೆ ಮಾತಾಡಿದ ಮಗುವನ್ನು ಗದರಿಸುವ ಹಾಗೆ. "ಅದನ್ನ ಯಾರು ತೆರೆದು ನೋಡ್ತಾರೆ?" ತಮ್ಮನನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ.

ಜಗಲಿಯ ಮೇಲೆ ಇಬ್ಬರೂ ಪಿಸಿಪಿಸಿ ಮಾತಾಡಿದರು. ಮೊದಲು ಬೈಗುಳ ಕೇಳಿಸಿತು, ಆಮೇಲೆ ಗುನುಗು, ಆಮೇಲೆ ನಗು. ಆ ನಗುವಿಗಿಂತ ಬೈಗುಳವೇ ಎಷ್ಟೋ ವಾಸಿಯಿತ್ತು.

ಒಳಗೆ ಬಂದವರ ಮುಖಗಳು ನೆಂಟಸ್ತನ ಕುದುರಿಸಿದವರ ಮುಖದ ಹಾಗಿದ್ದವು.

"ಅಮ್ಮಾ," ಅಂದ ಗ್ಲೌಸಪ್ಪ, ಈಗ ಕೈಮುಗಿದು. "ನನ್ನ ಮನೆ ತುಂಬ ಇಂಥ ಪೆಟ್ಟಿಗೆ ಇವೆ. ಟೇಪೆಲ್ಲ ಒಣಗಿ ಕಿತ್ತು ಬರ್ತಿವೆ. ಕೆಲವು... ಹೇಗೋ ತೆರೆದೂ ಹೋಗಿವೆ. ನಿಮ್ಮಂಥ ಕೈ ಸಿಕ್ಕಿದ್ರೆ ಎಲ್ಲಾ ಹೊಸದಾಗುತ್ತೆ. ಇದೇ ಕೋಣೆ, ಇದೇ ಮೇಜು, ಒಳ್ಳೇ ಬೆಳಕಿದೆ. ನಾನು ತಂದಿಳಿಸ್ತೀನಿ. ನಿಮ್ಮ ತಮ್ಮ ಮಾರ್ತಾನೆ."

"ಮುಚ್ಚಿದ ಪೆಟ್ಟಿಗೆ ಅಂತಾನಾ?"

"ಮುಚ್ಚೇ ಇರುತ್ತಲ್ಲ."

"ಈಗ ತಾನೇ ಇವನಿಗೆ ಉಗಿದಿರಿ, ತೆರೆದಿದೀಯ ಅಂತ."

"ಅದು ಸಿಕ್ಕಿಬಿದ್ದಿದ್ದಕ್ಕೆ ಅಮ್ಮಾ," ಅಂದ, ಮರೆ ಮೋಸವಿಲ್ಲದೆ. "ಒಂದೇ ಒಂದು ಮಾತು. ಇಷ್ಟು ನೆಟ್ಟಗೆ ಬೇಡ. ಕಂಪನಿಯವರ ಹಾಗೆ ಸ್ವಲ್ಪ ಸೊಟ್ಟಗೆ ಅಂಟಿಸಿ."

ತಮ್ಮ ಕುಣಿಯುವುದೊಂದು ಬಾಕಿ. "ಅಕ್ಕಾ, ನರ್ಸ್ ಕೋಟು ಹೊಲಿದು ಬೆನ್ನು ಬಗ್ಗಿಸ್ಕೊಳ್ಳೋದು ಬೇಡವೇ ಬೇಡ. ಕೂತಲ್ಲೇ ದುಡಿಮೆ. ಹೂಂ ಅನ್ನು!"

ಟೈಲರಕ್ಕ ಒಬ್ಬೊಬ್ಬರನ್ನೇ ನೋಡಿದಳು. ಒಬ್ಬ ಒಳಗೇನಿದೆ ಅಂತ ನೋಡದೆ ತಡೆಯಲಾರದೆ, ನೆಟ್ಟಗಿದ್ದದ್ದನ್ನು ಕೊಂದವನು. ಇನ್ನೊಬ್ಬ ಒಳಗೇನಿದೆ ಅಂತ ಜನ್ಮದಲ್ಲಿ ಕೇಳದವನು. ಒಬ್ಬರಿಗೊಬ್ಬರು ಹೇಳಿ ಮಾಡಿಸಿದ ಜೋಡಿ. ಇಬ್ಬರ ನಡುವೆ ಪೆಟ್ಟಿಗೆಯ ಮೇಲೆ ಆ ನಾಲ್ಕು ಜನ ಹಲ್ಲು ಬಿಟ್ಟುಕೊಂಡೇ ಇದ್ದರು. ಹುಡುಗನ ಕಿವಿ ಮಾತ್ರ ಇದೆಲ್ಲವನ್ನೂ ಕೇಳುತ್ತಿತ್ತು.

"ನನ್ನ ಕೈಗೆ ಸೊಟ್ಟ ಬರಲ್ಲ," ಅಂದಳು.

"ಕಲಿತ್ರೆ ಬರುತ್ತಮ್ಮಾ."

"ಕಲಿಯೋಕೆ ಇವನಿದಾನಲ್ಲ. ಇವನಿಗೆ ಹುಟ್ಟಿನಿಂದಲೇ ಬರುತ್ತೆ. ಕರ್ಕೊಂಡು ಹೋಗಿ."

"ಅಕ್ಕಾ!"

"ನಿಮ್ಮ ಮನೆ ದೊಡ್ಡದಲ್ವಾ ಸ್ವಾಮಿ? ಇವನನ್ನೂ ಇಟ್ಕೊಳ್ಳಿ, ಇವನ ಶೆಲ್ಫನ್ನೂ ಇಟ್ಕೊಳ್ಳಿ. ಈ ಪೆಟ್ಟಿಗೆಯನ್ನೂ ಒಯ್ಯಿರಿ. ಬೇಕಾದ್ರೆ ಕಿವಿ ಮುಚ್ಚೋ ಹಾಗೆ ಇವನೇ ಮತ್ತೆ ಅಂಟಿಸಿಕೊಡ್ತಾನೆ. ನನ್ನ ಮೇಜಿನ ಮೇಲೆ ನಾಳೆಯಿಂದ ಬಟ್ಟೆ ಬೀಳಬೇಕು. ಏನಾದ್ರೂ ಉಳಿದಿದ್ರೆ ಗುಜರಿಯವನನ್ನ ಕೂಗ್ತೀನಿ. ಅವನು ಮೂಸಲ್ಲ, ತೂಕ ಹಾಕ್ತಾನೆ."

ತಮ್ಮ ಮೊದಲು ರೇಗಿದ, ಆಮೇಲೆ ಗೋಗರೆದ, ಆಮೇಲೆ ಅನ್ನ ಬಿಟ್ಟ. ಸಂಜೆಗೆ ಬಿಟ್ಟ ಅನ್ನವನ್ನೂ ಉಂಡ. ಅವಳು ಮಾತು ಬದಲಿಸಲಿಲ್ಲ. ಮಾರನೆಯ ದಿನ ಗ್ಲೌಸಪ್ಪನ ವ್ಯಾನು ಬಂತು. ಅವನಿಗೂ ಬೇರೆ ದಾರಿಯಿರಲಿಲ್ಲ. ಮನೆ ತುಂಬ ಒಣಗಿದ ಟೇಪು, ಅಕ್ಕನ ಬಿಟ್ಟರೆ ಈ ವಿದ್ಯೆಯನ್ನು ಕಣ್ಣಾರೆ ಕಂಡವನು ಇವನೊಬ್ಬನೇ. ಶೆಲ್ಫು ಹೋಯಿತು, ಮಾನಿಟರು ಹೋಯಿತು, ಕ್ರೀಮು ಬಳಿದ ಕೀಬೋರ್ಡು ಬಳಿದ ಹಾಗೇ ಹೋಯಿತು. ಆ ಪೆಟ್ಟಿಗೆಯನ್ನು ಗ್ಲೌಸಪ್ಪನೇ ಎದೆಗವಚಿಕೊಂಡು ಮುಂದಿನ ಸೀಟಿನಲ್ಲಿ ಕೂತ.

"ಇಸ್ತ್ರಿ ಪೆಟ್ಟಿಗೆ ಕೊಡಕ್ಕ," ಅಂದ ತಮ್ಮ, ಹೊಸ್ತಿಲಲ್ಲಿ ನಿಂತು.

"ಅದು ಬಟ್ಟೆಗೆ."

ಅವನು ಸ್ವಲ್ಪ ಹೊತ್ತು ಚಪ್ಪಲಿಯಿಂದ ನೆಲ ಕೆರೆದ. "ಸಿಟ್ಟಿಟ್ಕೋಬೇಡ. ಒಂದು ದಾರಿ ಹತ್ತಿದ ಮೇಲೆ ತಿಂಗಳು ತಿಂಗಳೂ ಬಂದು ನಿನ್ನ ನೋಡ್ಕೊಳ್ತೀನಿ. ಸತ್ಯವಾಗ್ಲೂ."

"ಆ ಮಾತಿನ ಕೆಳಗೆ ಬರೀ," ಅಂದಳು ಅಕ್ಕ, "ಪರೀಕ್ಷಿಸಿಲ್ಲ ಅಂತ."

ವ್ಯಾನು ತಿರುವು ದಾಟುವವರೆಗೂ ಅವಳು ನಿಲ್ಲಲಿಲ್ಲ. ಒಳಗೆ ಬಂದು ಮೇಜು ಒರೆಸಿದಳು. ಮುಲಾಮು ಬಿದ್ದ ಕಡೆ ಮರ ಬೆಳ್ಳಗೆ ಸುಟ್ಟಿತ್ತು, ಕೀಬೋರ್ಡಿನ ಆಕಾರದಲ್ಲೇ. ಉಜ್ಜಿದರೆ ಹೋಗುವಂಥದ್ದಲ್ಲ. ಮಂಚದ ಕೆಳಗಿನ ಥಾನು ಎಳೆದು ತಂದು ಅದರ ಮೇಲೆ ಹಾಸಿದಳು. ಬಿಸಿಲು ಬಂದು ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿತು. ಸೀಮೆಸುಣ್ಣ ಹಿಡಿದು, ಉಸಿರು ಬಿಗಿಹಿಡಿದು, ಮೊದಲ ಗೆರೆ ಎಳೆದಳು. ನೆಟ್ಟಗೆ ಬಂತು.